ನೂರಿಪ್ಪತ್ತರ ನೆರಳು

ನೂರೈವತ್ತು ಅಂದ ನೌಶಾದ್.
ನೂರಕ್ಕೆ ಕೇಳಿದೆ. ನೂರಿಪ್ಪತ್ತಕ್ಕೆ ನಿಂತಿತು.
ಬಿ.ಎಚ್. ರಸ್ತೆಯ ಕಂಬದಿಂದ ಕಂಬಕ್ಕೆ ಹಗ್ಗ,
ಹಗ್ಗದ ತುಂಬ ಹುಲ್ಲಿನ ಟೋಪಿಗಳು,
ಈಗಷ್ಟೆ ಒಕ್ಕಲು ಮುಗಿಸಿದ ಬಣ್ಣ,
ಎರಡೂ ಕಡೆ ಅಂಚು ಮೇಲಕ್ಕೆ ಮಡಚಿ
ಹೆಂಚಿನ ಮೇಲೆ ಎದ್ದ ದೋಸೆಯ ಹಾಗೆ.
ಗದ್ದಕ್ಕೆ ದಾರ, ದಾರಕ್ಕೊಂದು ಮರದ ಮಣಿ,
ಹಣೆಗೆ ತಗಡಿನ ನಕ್ಷತ್ರ.
ನಕ್ಷತ್ರ ಬೇಡ, ಹತ್ತು ಕಡಿಮೆ ಮಾಡು ಅಂದೆ.
ನಕ್ಷತ್ರ ಫ್ರೀ ಅಕ್ಕಾ, ಅಂದ.

ಮಾರ್ಚ್ ತಿಂಗಳ ಹನ್ನೊಂದು ಗಂಟೆ.
ನನ್ನದು ಪಿಗ್ಮಿ ಕಲೆಕ್ಷನ್.
ದುರ್ಗಿಗುಡಿಯಿಂದ ಗಾಂಧಿ ಬಜಾರಿಗೆ ದಿನಾ ಅರವತ್ತೆರಡು ಅಂಗಡಿ:
ಹತ್ತು, ಐವತ್ತು, ನಾಳೆ ಬಾರಮ್ಮ.
ಕೊಡೆ ಹಿಡಿದರೆ ಮೆಷಿನ್ನು ಹಿಡಿಯಲು ಕೈಯಿಲ್ಲ,
ಸೆರಗು ಹೊದ್ದರೆ ಕಿವಿಯ ಹಿಂದೆ ಬೆವರುಸಾಲೆ.
ಹದಿನೆಂಟು ವರ್ಷ ಈ ನೆತ್ತಿ
ಬ್ಯಾಂಕಿನ ಪರವಾಗಿ ಬೆಂದಿದೆ.

ಇಟ್ಟುಕೊಂಡೆ.
ಮುಖಕ್ಕೆ ಮೊದಲ ಸಲ
ತನ್ನದೇ ಒಂದು ಜಗುಲಿ ಬಂತು.

ಪಾತ್ರೆ ಅಂಗಡಿಯ ಮುಂದೆ ನಿಂತೆ, ಲೆಕ್ಕಕ್ಕೆಂದು.
ಕೊಡದ ಹೊಟ್ಟೆಯಲ್ಲಿ ಒಬ್ಬಳು ಹಾಲಮ್ಮ,
ತಂಬಿಗೆಯಲ್ಲಿ ಗಿಡ್ಡ ಹಾಲಮ್ಮ,
ಇಡ್ಲಿ ತಟ್ಟೆಯ ಗುಳಿಗೊಬ್ಬಳಂತೆ ಹನ್ನೆರಡು ಜನ,
ಎಲ್ಲರಿಗೂ ಹ್ಯಾಟು, ಎಲ್ಲರಿಗೂ ನಕ್ಷತ್ರ.
ಚೆನ್ನಾಗಿದ್ದೇನೆ ಅನ್ನಿಸಿತು.
ನಲವತ್ತೇಳಕ್ಕೆ ಹೀಗನ್ನಿಸಲು
ಬೇರೆ ಕಡೆ ಎಷ್ಟು ಖರ್ಚಾಗುತ್ತಿತ್ತೋ.

ಗ್ರಂಥಿಗೆ ಅಂಗಡಿಯ ರುದ್ರಾರಾಧ್ಯರು
ಕುಂಕುಮದ ತಕ್ಕಡಿ ಕೆಳಗಿಟ್ಟು ಕೂಗಿದರು:
"ಪಿಗ್ಮಿಯವಳೇ ಟೋಪಿ ಹಾಕ್ಕೊಂಡರೆ
ನಮಗೆ ಹಾಕೋರು ಯಾರಮ್ಮ?"
ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ.
ನನಗಿಂತ ಮುಂಚೆ ಈ ದಾರಿಯಲ್ಲಿ ಬರುತ್ತಿದ್ದವನು
ಸಫಾರಿ ತೊಟ್ಟು, ಎಣ್ಣೆ ಹಚ್ಚಿ ಬೈತಲೆ ತೆಗೆದು,
ಒಂದು ರಾತ್ರಿ ಎಂಟು ಲಕ್ಷದೊಂದಿಗೆ ಕಾಣೆಯಾದ.
ಟೋಪಿ ಹಾಕುವವರ ತಲೆ, ನೋಡಿ ಬೇಕಾದರೆ,
ಯಾವಾಗಲೂ ಬರಿದು.

ಹೂವಿನ ಸಾಲಿನ ಹಸು ಹಿಂದಿನಿಂದ ಬಂದು
ಅಂಚಿಗೆ ಬಾಯಿ ಹಾಕಿತು.
ಒಂದೆಳೆ ಎಳೆದು, ಮೂಸಿ, ಬಿಟ್ಟಿತು.
ಹುಲ್ಲಲ್ಲ, ಕಾಗದ ಹೊಸೆದದ್ದು ಅಂತ
ಅದಕ್ಕೆ ತಕ್ಷಣ ತಿಳಿಯಿತು;
ನನಗೆ ತಿಳಿಯಲು ಜೂನ್ ಬರಬೇಕು.

"ಕೌಬಾಯ್ ಹ್ಯಾಟ್ ಆಂಟಿ, ಸೂಪರ್!"
ಬಳೆ ಅಂಗಡಿಯ ಝೈನಬ್, ಬಿ.ಕಾಂ. ಎರಡನೇ ವರ್ಷ.
ಹಾಗಂದರೇನೇ?
"ಕೌ ಅಂದರೆ ದನ, ಬಾಯ್ ಅಂದರೆ ಹುಡುಗ.
ದನ ಕಾಯೋನು."

ಆಯನೂರಿನ ಶಾಲೆ, ಐದನೇ ಕ್ಲಾಸು,
ಹದಿಮೂರರ ಮಗ್ಗಿ ಏಳರಲ್ಲಿ ತಪ್ಪಿದಾಗ
ಮೇಷ್ಟ್ರು ಹೇಳಿದ್ದರು: ದನ ಕಾಯಕ್ಕೆ ಹೋಗು.
ನಾನು ಕಿಟಕಿಯಾಚೆ ನೋಡಿದೆ.
ಅಲ್ಲಿ ಅಪ್ಪ ನಿಜಕ್ಕೂ ದನ ಕಾಯುತ್ತಿದ್ದ,
ಊರವರ ಮೂವತ್ತೇಳು ದನ,
ತೇಗದೆಲೆಗೆ ಕಡ್ಡಿ ಚುಚ್ಚಿ ಮಾಡಿಕೊಂಡ ಟೋಪಿ.
ಕಾಸು ಬೀಳದ್ದು. ಮಧ್ಯಾಹ್ನಕ್ಕೆಲ್ಲ ಬಾಡುತ್ತಿತ್ತು;
ಆಮೇಲೆ ಅವನು ಕಾದದ್ದು ದನ,
ಕಾದದ್ದು ಅವನ ನೆತ್ತಿ.
ಅದರಲ್ಲಿ ಅವನು ಚಂದ ಕಾಣುತ್ತಿದ್ದ.
ಯಾರೂ ಹೇಳಲಿಲ್ಲ.
ನಾನು ಮಗ್ಗಿ ನೆನಪಿಸಿಕೊಳ್ಳುತ್ತಿದ್ದೆ.

ಹದಿಮೂರೇಳ್ಲಿ ತೊಂಬತ್ತೊಂದು.
ಈಗ ಮೆಷಿನ್ನೇ ಹೇಳುತ್ತದೆ.

ಉಗಾದಿ ಕಳೆಯುವಷ್ಟರಲ್ಲಿ
ಸೇವಂತಿಗೆ ಮಾರುವ ಗಂಗೂಬಾಯಿ ಒಂದು ಕೊಂಡಳು,
ಸರ್ಕಲ್ಲಿನ ಹೋಂಗಾರ್ಡು ಒಂದು,
ಸಾಮಾನಿನ ಆಟೋದವರು ಮೂವರು, ಪೈಪೋಟಿಗೆ.
ನಿನ್ನೆ ರುದ್ರಾರಾಧ್ಯರು ಐವತ್ತರ ನೋಟು ಕೊಡುತ್ತಾ
ಅತ್ತಿತ್ತ ನೋಡಿ, ದನಿ ತಗ್ಗಿಸಿ:
"ಎಷ್ಟು ಬಿತ್ತು?"
ನೂರಿಪ್ಪತ್ತು.
"ಜಾಸ್ತಿಯಾಯಿತು. ನೂರಕ್ಕೊಂದು ತಂದುಕೊಡು.
ನಕ್ಷತ್ರ ಇರಲಿ."

ಅಂಚನ್ನು ಹುಬ್ಬಿನವರೆಗೆ ಎಳೆದುಕೊಂಡು
ನಾಳೆ ನೋಡೋಣ ಅಂದೆ,
ದಿನಾ ಅವರು ನನಗೆ ಅನ್ನುವ ದನಿಯಲ್ಲೇ.